ಬೆಳಗಾವಿ ಸೀಮೆಯಿಂದ ಅಮೆರಿಕದ ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೆ: ಸೈಕಾಲಜಿ ಪಿಎಚ್‌ಡಿಗೆ ತಯಾರಿ ಹೇಗೆ?

ಸೈಕಾಲಜಿ ಓದಲು ಅಮೆರಿಕಕ್ಕೆ ಹೋಗಬೇಕು ಅಂದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: "ಎಷ್ಟು ಲಕ್ಷ ಬೇಕಾಗತದ?" ಉತ್ತರ ನೀವು ಯಾವ ಕೋರ್ಸಿಗೆ ಅರ್ಜಿ ಹಾಕುತ್ತೀರಿ ಎಂಬುದರ ಮೇಲೆ ನಿಂತಿದೆ. ಮಾಸ್ಟರ್ಸ್‌ಗೆ ಹೋದರೆ ಹೊಲ ಒತ್ತಿ ಹಾಕುವಷ್ಟು ಖರ್ಚು. ಸಂಶೋಧನಾ ಪಿಎಚ್‌ಡಿಗೆ ಸೀಟು ಸಿಕ್ಕರೆ ಸಾಮಾನ್ಯವಾಗಿ ಫೀ ಮಾಫಿ, ಮೇಲೆ ತಿಂಗಳ ಸ್ಟೈಪೆಂಡ್. ಪಿಎಸ್‌ವೈ.ಡಿ. (Psy.D., ವೃತ್ತಿ ತರಬೇತಿಗೆ ಒತ್ತು ಕೊಡುವ ಡಾಕ್ಟರೇಟ್) ಎಂಬ ಇನ್ನೊಂದು ಪದವಿ ಇದೆ, ಹೆಸರು ಕೇಳಲು ಪಿಎಚ್‌ಡಿಯ ಅಣ್ಣತಮ್ಮನಂತಿದೆ. ಅದಕ್ಕೆ ಬಹುತೇಕ ಕಡೆ ಕೈಯಿಂದಲೇ ಫೀ ಕಟ್ಟಬೇಕು. ಈ ಮೂರರ ವ್ಯತ್ಯಾಸ ಹೇಳದೆ ನೇರವಾಗಿ ಬ್ಯಾಂಕ್ ಸಾಲದ ಫಾರ್ಮ್ ಕೈಗಿಡುವ ಏಜೆಂಟರಿಂದ ದೂರ ಇರಿ. ಈ ಲೇಖನ ಪಿಎಚ್‌ಡಿ ದಾರಿಯದ್ದು.

ಕ್ಯಾಥೊಲಿಕ್ ಅಂದರೆ ಏನು, ಯಾರಿಗೆ?

ಕ್ರೈಸ್ತರಿಗೆ ಮಾತ್ರ ಪ್ರವೇಶ ಎಂಬ ತಪ್ಪು ತಿಳಿವಳಿಕೆ ನಮ್ಮ ಕಡೆ ಇನ್ನೂ ಇದೆ. ಬೆಳಗಾವಿಯ ಕ್ಯಾಂಪ್ ಪ್ರದೇಶದ ಸೇಂಟ್ ಪಾಲ್ಸ್ ಶಾಲೆಯಲ್ಲಿ ಎಲ್ಲ ಜಾತಿ ಧರ್ಮದ ಮಕ್ಕಳು ಓದುವ ಹಾಗೆಯೇ ಅಲ್ಲೂ. ಆ ಶಾಲೆ ನಡೆಸುವ ಜೆಸ್ಯುಯಿಟ್ ಪಾದ್ರಿಗಳ ಸಂಘಕ್ಕೇ ಜಾರ್ಜ್‌ಟೌನ್, ಫೋರ್ಡಮ್, ಬಾಸ್ಟನ್ ಕಾಲೇಜ್, ಮಾರ್ಕೆಟ್ (Marquette), ಸೇಂಟ್ ಲೂಯಿಸ್, ಲೊಯೋಲಾ ಶಿಕಾಗೊ ವಿಶ್ವವಿದ್ಯಾಲಯಗಳು ಸೇರಿದ್ದು. ನೋಟರ್ ಡೇಮ್ ಹೋಲಿ ಕ್ರಾಸ್ ಸಂಘದ್ದು, 1842ರಿಂದ ಇಂಡಿಯಾನಾ ರಾಜ್ಯದಲ್ಲಿದೆ. ಪದವಿ ವಿದ್ಯಾರ್ಥಿಗಳಿಗೆ ದೇವತಾಶಾಸ್ತ್ರ ಮತ್ತು ತತ್ವಶಾಸ್ತ್ರದ ಕಡ್ಡಾಯ ಪೇಪರ್‌ಗಳಿರುತ್ತವೆ; ಬಾಸ್ಟನ್ ಕಾಲೇಜ್‌ನಲ್ಲಿ ಎರಡೆರಡು. ಸೈಕಾಲಜಿ ಪಿಎಚ್‌ಡಿಯವರಿಗೆ ಆ ಪೇಪರ್‌ಗಳಿಲ್ಲ. ಅರ್ಜಿಯಲ್ಲಿ ಧರ್ಮದ ಬಗ್ಗೆ ಪ್ರಬಂಧ ಬರೆಯುವ ಅಗತ್ಯವೂ ಇಲ್ಲ, ಬರೆದರೆ ಅಂಕವೂ ಬರುವುದಿಲ್ಲ.

ಧರ್ಮಸಂಸ್ಥೆಯವರಿಗೆ ಪ್ರಯೋಗಾಲಯದ ಸೈಕಾಲಜಿ ಯಾಕೆ ಅಂತ ಅನ್ನಿಸಬಹುದು. ಜರ್ಮನಿಯ ವಿಲ್ಹೆಲ್ಮ್ ವುಂಟ್ ಲೈಪ್‌ಝಿಗ್‌ನಲ್ಲಿ ಸೈಕಾಲಜಿ ಪ್ರಯೋಗಾಲಯ ತೆರೆದದ್ದು 1879ರಲ್ಲಿ ಎಂದು ಬಿ.ಎ. ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿರುತ್ತೀರಿ. ಅದೇ ವುಂಟ್ ಕೈಕೆಳಗೆ ಕಲಿತ ಎಡ್ವರ್ಡ್ ಪೇಸ್ ಎಂಬ ಪಾದ್ರಿ 1891ರಲ್ಲಿ ವಾಷಿಂಗ್ಟನ್ನಿನ ಕ್ಯಾಥೊಲಿಕ್ ಯೂನಿವರ್ಸಿಟಿ ಆಫ್ ಅಮೆರಿಕದಲ್ಲಿ ಪ್ರಯೋಗಾಲಯ ಶುರುಮಾಡಿದರು. ಎಂ.ಎ. ಸೈಕಾಲಜಿಕಲ್ ಟೆಸ್ಟಿಂಗ್ ಪೇಪರಿಗೆ ಎಲ್ಲರೂ ಓದುವ ಪಠ್ಯಪುಸ್ತಕ ಬರೆದ ಅನಾಸ್ಟಸಿ ಇದ್ದಾರಲ್ಲ, ಆ ಆನ್ ಅನಾಸ್ಟಸಿ 1947ರಿಂದ 1979ರವರೆಗೆ ಪಾಠ ಮಾಡಿದ್ದು ನ್ಯೂಯಾರ್ಕಿನ ಫೋರ್ಡಮ್‌ನಲ್ಲಿ. ಅಲ್ಲಿ ಇವತ್ತಿಗೂ ಮನೋಮಾಪನಶಾಸ್ತ್ರಕ್ಕೇ (ಸೈಕೋಮೆಟ್ರಿಕ್ಸ್) ಮೀಸಲಾದ ಪಿಎಚ್‌ಡಿ ವಿಭಾಗ ಇದೆ.

ಹೆಸರು ನೋಡಿ ಅಲ್ಲ, ಲ್ಯಾಬ್ ನೋಡಿ ಆರಿಸಿ. ಅಂಕಿಅಂಶದ ಕಡೆ ಒಲವಿದ್ದರೆ ನೋಟರ್ ಡೇಮ್ ಅಥವಾ ಫೋರ್ಡಮ್. ಮಿದುಳು, ಸ್ಮೃತಿ, ಭಾವನೆ ಬೇಕಿದ್ದರೆ ಬಾಸ್ಟನ್ ಕಾಲೇಜ್. ಅಲ್ಲಿ ಕ್ಲಿನಿಕಲ್ ಪಿಎಚ್‌ಡಿ (ರೋಗಿಗಳನ್ನು ನೋಡುವ ತರಬೇತಿಯೂ ಇರುವಂಥದ್ದು) ಇಲ್ಲ, ಗೊತ್ತಿಲ್ಲದೆ ಅರ್ಜಿ ಹಾಕಿ ಫೀ ಕಳೆದುಕೊಳ್ಳುವವರಿದ್ದಾರೆ. ಕ್ಲಿನಿಕಲ್ ಬೇಕೆಂದರೆ ಮಾರ್ಕೆಟ್, ಲೊಯೋಲಾ ಶಿಕಾಗೊ, ಸೇಂಟ್ ಲೂಯಿಸ್, ಫೋರ್ಡಮ್, ನೋಟರ್ ಡೇಮ್. ಅಂಕಿಗಿಂತ ಅನುಭವದ ವಿವರಣೆ ಮುಖ್ಯ ಎನ್ನುವವರಿಗೆ ಪಿಟ್ಸ್‌ಬರ್ಗಿನ ಡ್ಯುಕೇನ್ ಇದೆ, ವಿದ್ಯಮಾನಶಾಸ್ತ್ರದ (ಫಿನಾಮಿನಾಲಜಿ) ಹಾದಿಯ ಕ್ಲಿನಿಕಲ್ ತರಬೇತಿಗೆ ಅದು ಹೆಸರುವಾಸಿ. ಅಮೆರಿಕದ ಕ್ಲಿನಿಕಲ್ ಪಿಎಚ್‌ಡಿಗಳಿಗೆ ಪೈಪೋಟಿ ವಿಪರೀತ. ಒಂದು ವಿಭಾಗ ವರ್ಷಕ್ಕೆ ಐದೋ ಎಂಟೋ ಜನರನ್ನು ತೆಗೆದುಕೊಳ್ಳುತ್ತದೆ. ಹೊರದೇಶದವರಿಗೆ ಸಂಶೋಧನಾ ವಿಭಾಗಗಳಲ್ಲೇ ಅವಕಾಶ ಹೆಚ್ಚು ಎಂಬುದು ನಮ್ಮ ಅಂದಾಜು.

ಓದಿನ ವರ್ಷಗಳ ಲೆಕ್ಕ

ಮೂರು ವರ್ಷದ ಬಿ.ಎ. ಒಂದನ್ನೇ ಹಿಡಿದು ಹೋದರೆ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಗೆ ಸಮ ಅಲ್ಲ ಎನ್ನುತ್ತವೆ. ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿದಿದೆ. ಹಾಗಾಗಿ ಬಿ.ಎ. ಮೂರು, ಎಂ.ಎ. ಅಥವಾ ಎಂ.ಎಸ್ಸಿ. ಎರಡು, ಒಟ್ಟು ಐದು ವರ್ಷ ಮುಗಿಸಿ ಅರ್ಜಿ ಹಾಕುವುದೇ ಕ್ಷೇಮ. ಎಂ.ಎ.ಯನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾಡಬಹುದು. ಕ್ಯಾಥೊಲಿಕ್ ವಾತಾವರಣವೇ ಬೇಕೆಂದರೆ ಬೆಂಗಳೂರಿನಲ್ಲಿ ಕ್ರೈಸ್ಟ್ ವಿಶ್ವವಿದ್ಯಾಲಯ ಇದೆ; 1969ರಲ್ಲಿ ಕಾಲೇಜಾಗಿ ಶುರುವಾಗಿ 2008ರಲ್ಲಿ ಡೀಮ್ಡ್ ಆಯಿತು. ಅಲ್ಲಿ ಪ್ರವೇಶ ಪರೀಕ್ಷೆ, ಸಂದರ್ಶನ ಎರಡೂ ಇವೆ, ಹಾಜರಾತಿ ಬಿಗಿ. ದೂರಶಿಕ್ಷಣದ ಎಂ.ಎ. ಸೈಕಾಲಜಿಯನ್ನು ನಂಬಿ ಕೂರಬೇಡಿ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ರೂಪದಲ್ಲಿ ಕೊಡಕೂಡದು ಎಂದು ಯುಜಿಸಿ ಹೇಳಿದೆ.

ಪ್ರಾಕ್ಟಿಕಲ್ ನೋಟ್‌ಬುಕ್ಕಿನಿಂದಲೇ ಶುರುಮಾಡಿ

ಆಯ್ಕೆ ಸಮಿತಿ ಅರ್ಜಿಯಲ್ಲಿ ಹುಡುಕುವುದು ಒಂದನ್ನೇ: ಈ ವ್ಯಕ್ತಿ ಡೇಟಾ ಕೂಡಿಸಿ, ಅದರಲ್ಲಿ ಏನು ತಪ್ಪಿದೆ ಎಂದು ತಾನೇ ಕಂಡುಹಿಡಿದಿದ್ದಾನೆಯೇ? ಶೇಕಡ 80 ಅಂಕ, ರ‍್ಯಾಂಕ್, ಚಿನ್ನದ ಪದಕ ಎಲ್ಲ ಎರಡನೆಯ ಸಾಲಿಗೆ. ಅದಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ. ನಿಮ್ಮ ಕಾಲೇಜಿನ ಕಪಾಟಿನಲ್ಲಿ ಧೂಳು ಹಿಡಿದು ಕೂತ ಮುಲ್ಲರ್-ಲೈಯರ್ ಪಟ್ಟಿ (ಬಾಣದ ತುದಿಗಳಿಂದಾಗಿ ಸಮ ಉದ್ದದ ಎರಡು ಗೆರೆ ಉದ್ದಗಿಡ್ಡ ಕಾಣುವ ದೃಷ್ಟಿಭ್ರಮೆ ಅಳೆಯುವ ಸಾಧನ) ಸಾಕು.

ಈಗ ಆಗುವುದೇನು? ಒಬ್ಬರು ಪ್ರಯೋಗಾರ್ಥಿ, ಒಬ್ಬರು ಪ್ರಯೋಗಕರ್ತ. ಪಟ್ಟಿಯನ್ನು ಹತ್ತು ಸಲ ಒಳಗಿನಿಂದ ಹೊರಕ್ಕೆ, ಹತ್ತು ಸಲ ಹೊರಗಿನಿಂದ ಒಳಕ್ಕೆ ಸರಿಸಿ ಎರಡು ಗೆರೆ ಸಮ ಎನಿಸಿದಲ್ಲಿ ನಿಲ್ಲಿಸುವುದು, ಪಟ್ಟಿಯ ಹಿಂಬದಿಯ ಸ್ಕೇಲ್ ಓದುವುದು, ಸರಾಸರಿ ತೆಗೆಯುವುದು, ನೋಟ್‌ಬುಕ್ಕಿಗೆ ಬರೆದು ಸೈನ್ ಹಾಕಿಸುವುದು. ಅಲ್ಲಿಗೆ ಮುಗಿಯಿತು. ಅದನ್ನೇ ಹೀಗೆ ಮಾಡಿ: ತರಗತಿಯ 30 ಜನರ 20 ಪ್ರಯತ್ನಗಳನ್ನೂ ಸರಾಸರಿ ಮಾಡದೆ ಎಕ್ಸೆಲ್ ಹಾಳೆಗೆ ಹಾಕಿ. ಒಂದು ಪ್ರಯತ್ನಕ್ಕೆ ಒಂದು ಸಾಲು, ಒಟ್ಟು 600 ಸಾಲು. ಕಂಬಸಾಲುಗಳು ಆರು: ಪ್ರಯೋಗಾರ್ಥಿಯ ಸಂಖ್ಯೆ, ಪ್ರಯತ್ನದ ಕ್ರಮಸಂಖ್ಯೆ, ಸರಿಸಿದ ದಿಕ್ಕು, ಬದಲಾಗುವ ಗೆರೆ ಎಡಕ್ಕಿತ್ತೋ ಬಲಕ್ಕಿತ್ತೋ, ನಿಲ್ಲಿಸಿದ ಉದ್ದ ಮಿಲಿಮೀಟರಿನಲ್ಲಿ, ಪ್ರಯೋಗ ಮಾಡಿಸಿದವರು ಯಾರು.

ಕೊನೆಯ ಕಂಬಸಾಲನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಬೆಲೆ ಇರುವುದೇ ಅದಕ್ಕೆ. ಹಾಳೆಯನ್ನು ಆ ಕಂಬಸಾಲಿನ ಪ್ರಕಾರ ವಿಂಗಡಿಸಿ ನೋಡಿ. ಒಬ್ಬ ಪ್ರಯೋಗಕರ್ತನ ಅಂಕಿಗಳೆಲ್ಲ 5 ಅಥವಾ 0ಯಲ್ಲೇ ಮುಗಿಯುತ್ತಿದ್ದರೆ ಆತ ಸ್ಕೇಲನ್ನು ಅಂದಾಜಿನಲ್ಲಿ ಓದಿದ್ದಾನೆ. ಇಬ್ಬರ ನೋಟ್‌ಬುಕ್ಕಿನಲ್ಲಿ ಇಪ್ಪತ್ತೂ ಅಂಕಿ ಒಂದೇ ಇದ್ದರೆ ಏನಾಗಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅವನ್ನು ತೆಗೆದುಹಾಕಿ, ಆದರೆ ಎಷ್ಟು ಸಾಲು, ಯಾಕೆ ತೆಗೆದಿರಿ ಎಂದು ಬರೆದಿಡಿ.

ಮುಂದಿನ ಹೆಜ್ಜೆ ವಿಶ್ಲೇಷಣೆ. ಆರ್ ಎಂಬ ತಂತ್ರಾಂಶ ಪುಕ್ಕಟೆ, 4 ಜಿಬಿ ರ‍್ಯಾಮಿನ ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಎಸ್‌ಪಿಎಸ್‌ಎಸ್ ಎಂಬ ದುಡ್ಡಿನ ತಂತ್ರಾಂಶದ ಕದ್ದ ಪ್ರತಿ ಕಲಿಯುವ ಬದಲು ಇದನ್ನು ಕಲಿಯಿರಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ: 600 ಸಾಲು ಇವೆ ಎಂದು 600 ಜನರ ಡೇಟಾ ಇದ್ದಂತೆ ಟಿ-ಟೆಸ್ಟ್ ಹಾಕುವುದು. ಇರುವುದು 30 ಜನ. ಒಬ್ಬರ ಇಪ್ಪತ್ತು ಉತ್ತರ ಒಂದನ್ನೊಂದು ಹೋಲುತ್ತವೆ. ಅವು ಬಿಡಿಬಿಡಿ ಎಂದು ಲೆಕ್ಕ ಹಾಕಿದರೆ ಸ್ಟ್ಯಾಂಡರ್ಡ್ ಎರರ್ ಸುಳ್ಳೇ ಸಣ್ಣದಾಗಿ ಬರುತ್ತದೆ, ಇಲ್ಲದ ಪರಿಣಾಮವೂ ಇದ್ದಂತೆ ಕಾಣುತ್ತದೆ. ಇದಕ್ಕೆ ಒಬ್ಬರದೇ ಉತ್ತರಗಳನ್ನು ಒಂದು ಗುಂಪಾಗಿ ಲೆಕ್ಕಕ್ಕೆ ಹಿಡಿಯುವ ಮಿಶ್ರ ಮಾದರಿ (ಮಿಕ್ಸೆಡ್ ಮಾಡೆಲ್) ಬಳಸಬೇಕು. ಆರ್‌ನಲ್ಲಿ ಎಲ್‌ಎಂಇ4 ಎಂಬ ಪ್ಯಾಕೇಜ್ ಇದನ್ನು ಮಾಡುತ್ತದೆ. ಆಗ ಮೂರು ಪ್ರಶ್ನೆಗೆ ಒಟ್ಟಿಗೆ ಉತ್ತರ ಸಿಗುತ್ತದೆ: ಭ್ರಮೆ ಎಷ್ಟು ಮಿಲಿಮೀಟರ್, ಸರಿಸಿದ ದಿಕ್ಕು ಎಷ್ಟು ವ್ಯತ್ಯಾಸ ಮಾಡಿತು, ಪ್ರಯತ್ನ ಹೆಚ್ಚಾದಂತೆ ಭ್ರಮೆ ಕಡಿಮೆಯಾಯಿತೇ. ಎರಡು ಪುಟದ ವರದಿ, ಒಂದು ಗ್ರಾಫ್. ಅರ್ಜಿಯಲ್ಲಿ ಇದರ ತೂಕ ಹತ್ತು ವಿಚಾರಸಂಕಿರಣಗಳ ಸರ್ಟಿಫಿಕೇಟಿಗಿಂತ ಹೆಚ್ಚು.

ನಮ್ಮ ಭಾಷೆಯೇ ನಿಮ್ಮ ಬಂಡವಾಳ

ಅಮೆರಿಕದ ಪ್ರಾಧ್ಯಾಪಕರ ಬಳಿ ಇಲ್ಲದ್ದು ನಿಮ್ಮ ಬಳಿ ಇದೆ. ಬೆಳಗಾವಿಯಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಅನ್ನುವ ಮಕ್ಕಳಿದ್ದಾರೆ. ವಿಜಯಪುರದಲ್ಲಿ ದಖನಿ ಉರ್ದು ಮತ್ತು ಕನ್ನಡ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳು ಬಾಗಲಕೋಟೆ ಜಿಲ್ಲೆಯಲ್ಲಿವೆ, ಇಳಕಲ್ಲು, ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆ ದಿನವಿಡೀ ಕೂರುವ ನೇಕಾರರಿದ್ದಾರೆ. ಎಂ.ಎ. ಪ್ರಾಜೆಕ್ಟಿಗೆ "ಕಾಲೇಜು ವಿದ್ಯಾರ್ಥಿಗಳಲ್ಲಿ ಆತ್ಮಗೌರವ ಮತ್ತು ಒತ್ತಡ" ಎಂಬ ಸವೆದ ವಿಷಯ ತೆಗೆದುಕೊಳ್ಳುವ ಬದಲು ಇವುಗಳಲ್ಲಿ ಒಂದನ್ನು ಹಿಡಿಯಿರಿ.

ಆದರೆ ಪ್ರಶ್ನಾವಳಿಯನ್ನು ಗೂಗಲ್‌ಗೆ ಹಾಕಿ ಕನ್ನಡ ಮಾಡಿಕೊಂಡು ಹಂಚಿದರೆ ಕೆಲಸ ಕೆಡುತ್ತದೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ತೆಗೆದುಕೊಳ್ಳಿ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ತಪಾಸಣೆ ಬೇಕು ಎನ್ನುತ್ತಾರೆ. ಇದರಲ್ಲಿ ಆಸಕ್ತಿ ಕಳೆದುಕೊಳ್ಳುವುದು ಒಂದು ಪ್ರಶ್ನೆ, ಮನಸ್ಸು ಕುಗ್ಗುವುದು ಇನ್ನೊಂದು. ನಮ್ಮ ಕಡೆ ಎರಡಕ್ಕೂ ಜನ ಹೇಳುವುದು "ಬ್ಯಾಸರ" ಎಂದೇ. ಟಿವಿ ನೋಡಿ ನೋಡಿ ಬ್ಯಾಸರ, ಮಗ ಊರು ಬಿಟ್ಟು ಹೋದದ್ದಕ್ಕೂ ಬ್ಯಾಸರ. ಎರಡೂ ಪ್ರಶ್ನೆಗೆ ಅದೇ ಪದ ಬಳಸಿದರೆ ಉತ್ತರಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ, ವಿಶ್ವಾಸಾರ್ಹತೆಯ ಗುಣಾಂಕ ಚೆಂದ ಬರುತ್ತದೆ, ಅಳತೆ ಮಾತ್ರ ಹಾಳು. "ಖಿನ್ನತೆ" ಎಂದು ಗ್ರಂಥಸ್ಥ ಪದ ಹಾಕಿದರೆ ಇಂಡಿ, ಬೀಳಗಿ ಕಡೆಯ ಹಿರಿಯರು "ಹಂಗಂದ್ರ?" ಅನ್ನುತ್ತಾರೆ. ಎದಿ ಭಾರ ಆಗತದ, ತಲಿ ಕಾಯತದ, ನಿದ್ದಿ ಹತ್ತೂದಿಲ್ಲ ಎಂದು ದೇಹದ ಮಾತಿನಲ್ಲೇ ಸಂಕಟ ಹೇಳುವವರಿಗೆ ಪ್ರಶ್ನೆಯನ್ನೂ ಅವರ ಮಾತಿಗೆ ಹೊಂದಿಸಬೇಕು.

ಕ್ರಮ ಹೀಗಿದೆ. ಮೊದಲು ಆ ಪರೀಕ್ಷೆಯ ಪ್ರಕಟಿತ ಕನ್ನಡ ರೂಪ ಇದೆಯೇ ಎಂದು ಹುಡುಕಿ, ಇದ್ದರೆ ಅದನ್ನೇ ಹಿಡಿದು ನಮ್ಮ ಕಡೆಯ ಮಾತಿಗೆ ಒಪ್ಪುತ್ತದೆಯೇ ನೋಡಿ. ಇಲ್ಲದಿದ್ದರೆ ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ಅನುವಾದಿಸಲಿ, ಒಬ್ಬರಾದರೂ ಸೈಕಾಲಜಿಯವರಲ್ಲದೆ ಇರಲಿ. ಎರಡನ್ನೂ ಎದುರುಬದುರು ಇಟ್ಟು ಒಂದು ಮಾಡಿ. ಮೂಲವನ್ನು ನೋಡಿರದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತರಲಿ. ಎಲ್ಲಿ ಅರ್ಥ ಜಾರಿದೆಯೋ ಅಲ್ಲಿ ಕನ್ನಡ ತಿದ್ದಿ, ಇಂಗ್ಲಿಷನ್ನಲ್ಲ. ಆಮೇಲೆ ಎಂಟು ಹತ್ತು ಜನರ ಮುಂದೆ ಒಂದೊಂದೇ ಪ್ರಶ್ನೆ ಓದಿ, "ಇದು ಏನ್ ಕೇಳಾಕತ್ತದ, ನಿಮ್ಮ ಮಾತಿನ್ಯಾಗ ಹೇಳ್ರಿ" ಎಂದು ಕೇಳಿ ಅವರ ಉತ್ತರ ಬರೆದುಕೊಳ್ಳಿ. ಹೆಚ್ಚಿನವರು ಬಿಟ್ಟುಬಿಡುವುದು ಈ ಹಂತವನ್ನೇ. ಪಿಎಚ್‌ಡಿ ಸಂದರ್ಶನದಲ್ಲಿ ನಿಮ್ಮನ್ನು ಗುಂಪಿನಿಂದ ಬೇರೆ ಮಾಡಿ ತೋರಿಸುವುದೂ ಇದೇ.

ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ಯಾರಾದರೂ 0ಗಿಂತ ಮೇಲೆ ಗುರುತು ಹಾಕಿದರೆ ಅದೇ ದಿನ ಏನು ಮಾಡುತ್ತೀರಿ ಎಂಬುದು ಹಾಳೆ ಹಂಚುವ ಮೊದಲೇ ತೀರ್ಮಾನವಾಗಿರಬೇಕು: ಯಾವ ವೈದ್ಯರ ಬಳಿ ಕಳಿಸುವುದು, ಜೊತೆಗೆ ಯಾರು ಹೋಗುವುದು. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಈ ವ್ಯವಸ್ಥೆ ಮಾಡದೆ ಆ ಪ್ರಶ್ನೆ ಕೇಳಕೂಡದು. ನೈತಿಕ ಸಮಿತಿಯ ಒಪ್ಪಿಗೆ ಪತ್ರವೂ ಬೇಕು. ಕಾಲೇಜಿನಲ್ಲಿ ಸಮಿತಿ ಇಲ್ಲದಿದ್ದರೆ ವಿಶ್ವವಿದ್ಯಾಲಯದ್ದೋ ಹತ್ತಿರದ ವೈದ್ಯಕೀಯ ಕಾಲೇಜಿನದೋ ಕೇಳಿ.

ಎಂ.ಎ. ಆದ ಮೇಲೆ ಒಂದೆರಡು ವರ್ಷ ಸಂಶೋಧನಾ ಸಹಾಯಕರಾಗಿ ದುಡಿದರೆ ಅರ್ಜಿ ಬಹಳ ಗಟ್ಟಿಯಾಗುತ್ತದೆ. ನಿಮ್ಹಾನ್ಸ್‌ನ ಯೋಜನೆಗಳಿಗೆ ಆಗಾಗ ಜಾಹೀರಾತು ಬರುತ್ತದೆ. ಬೆಳಗಾವಿಯಲ್ಲೇ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಾಯಿ-ಮಕ್ಕಳ ಆರೋಗ್ಯ ಸಂಶೋಧನಾ ಘಟಕ ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ ಭಾಗವಹಿಸುತ್ತದೆ. ವಿಷಯ ಸೈಕಾಲಜಿ ಅಲ್ಲದಿದ್ದರೂ ಹಳ್ಳಿಯಲ್ಲಿ ಒಪ್ಪಿಗೆ ಪಡೆದು ಡೇಟಾ ಸಂಗ್ರಹಿಸುವ ಶಿಸ್ತು ಇಂಥ ಜಾಗದಲ್ಲೇ ಕೈಗೆ ಹತ್ತುವುದು.

ಪ್ರಾಧ್ಯಾಪಕರಿಗೆ ಇಮೇಲ್

ಪಿಎಚ್‌ಡಿಗೆ ನಿಮ್ಮನ್ನು ಆರಿಸುವವರು ಬಹುಮಟ್ಟಿಗೆ ಒಬ್ಬ ಪ್ರಾಧ್ಯಾಪಕರು. ಆ ವರ್ಷ ಅವರು ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳದಿದ್ದರೆ ನಿಮ್ಮ ಅರ್ಜಿ ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ. ಕೊನೆಯ ದಿನ ಹೆಚ್ಚಿನ ಕಡೆ ಡಿಸೆಂಬರ್ ಮೊದಲ ವಾರದ ಆಸುಪಾಸು, ಆದ್ದರಿಂದ ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಇಮೇಲ್ ಹೋಗಬೇಕು. ಮೊದಲು ಅವರ ಪುಟ ನೋಡಿ. ತೆಗೆದುಕೊಳ್ಳುತ್ತೇನೆ ಅಥವಾ ಇಲ್ಲ ಎಂದು ಅಲ್ಲೇ ಬರೆದಿರುತ್ತಾರೆ.

"ರೆಸ್ಪೆಕ್ಟೆಡ್ ಸರ್, ಮೈಸೆಲ್ಫ್" ಎಂದು ಶುರುವಾಗುವ ಇಮೇಲನ್ನು ಅವರು ಎರಡನೆಯ ಸಾಲಿನವರೆಗೂ ಓದುವುದಿಲ್ಲ. ಡಿಯರ್ ಡಾಕ್ಟರ್, ಮುಂದೆ ಅವರ ಅಡ್ಡಹೆಸರು (ಸರ್‌ನೇಮ್), ಅಷ್ಟೇ. ಒಟ್ಟು 150 ಪದ. ಮೊದಲ ವಾಕ್ಯದಲ್ಲಿ ಕೇಳಬೇಕಾದ್ದು ಕೇಳಿ: ಮುಂದಿನ ಆಗಸ್ಟಿಗೆ ವಿದ್ಯಾರ್ಥಿಯನ್ನು ತೆಗೆದುಕೊಳ್ಳುತ್ತೀರಾ? ಎರಡು ವಾಕ್ಯದಲ್ಲಿ ನೀವು ಮಾಡಿದ ಕೆಲಸ. ಒಂದು ವಾಕ್ಯದಲ್ಲಿ ಅವರ ಇತ್ತೀಚಿನ ಯಾವ ಪ್ರಬಂಧ, ಅದರ ಯಾವ ಭಾಗ ನಿಮ್ಮ ಕೆಲಸಕ್ಕೆ ತಾಗುತ್ತದೆ. ಒಂದು ಪುಟದ ಸಿ.ವಿ. ಲಗತ್ತು. ಒಂದೇ ಇಮೇಲನ್ನು ನಲವತ್ತು ಜನರಿಗೆ ಕಳಿಸಬೇಡಿ, ಹಾಗೆ ಮಾಡಿ ಒಬ್ಬರ ಹೆಸರು ಇನ್ನೊಬ್ಬರಿಗೆ ಹೋದದ್ದೂ ಉಂಟು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಮ್ಮ ಸಂಜೆ 6:30 ಅಂದರೆ ನ್ಯೂಯಾರ್ಕ್, ಬಾಸ್ಟನ್ ಕಡೆ ಬೆಳಗ್ಗೆ 9. ಆ ಹೊತ್ತಿಗೆ ಕಳಿಸಿದರೆ ಪೆಟ್ಟಿಗೆಯ ಮೇಲ್ಭಾಗದಲ್ಲಿರುತ್ತದೆ. ಎರಡು ವಾರ ಉತ್ತರ ಇಲ್ಲದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ಶಿಫಾರಸು ಪತ್ರ ಮತ್ತು ಉದ್ದೇಶ ಪತ್ರ

ಶಿಫಾರಸು ಪತ್ರ ಮೂರು ಬೇಕು. ಇಲ್ಲಿನ ಪದ್ಧತಿ ಗೊತ್ತಲ್ಲ: "ನೀನ ಬರ್ಕೊಂಡ್ ಬಾ, ನಾ ಸೈನ್ ಮಾಡ್ತೀನಿ." ಮೂರನ್ನೂ ನೀವೇ ಬರೆದರೆ ಮೂರರಲ್ಲೂ ಒಂದೇ ಧಾಟಿ, ಒಂದೇ ವಿಶೇಷಣ. ಓದುವವರಿಗೆ ತಕ್ಷಣ ಗೊತ್ತಾಗುತ್ತದೆ, ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಮೇಷ್ಟ್ರಿಗೆ ಇಲ್ಲ ಎನ್ನಲು ಕಷ್ಟ. ಅದರ ಬದಲು ಒಂದು ಪುಟದಲ್ಲಿ ಅಂಶಗಳನ್ನು ಬರೆದು ಕೊಡಿ: ಅವರ ಬಳಿ ಯಾವ ಪೇಪರ್ ಓದಿದಿರಿ, ಯಾವ ಪ್ರಾಜೆಕ್ಟ್, ಅದರಲ್ಲಿ ನಿಮ್ಮ ಪಾಲಿನ ಕೆಲಸ, ಎಲ್ಲಿ ತಪ್ಪಾಯಿತು, ಹೇಗೆ ಸರಿಪಡಿಸಿದಿರಿ. ವಾಕ್ಯ ಅವರದೇ ಆಗಲಿ, ಇಂಗ್ಲಿಷ್ ತುಸು ಒರಟಾಗಿದ್ದರೂ ನಡೆಯುತ್ತದೆ. ಪತ್ರ ಹಾಕುವ ಕೊಂಡಿ ಅವರ ಇಮೇಲ್‌ಗೇ ನೇರವಾಗಿ ಹೋಗುತ್ತದೆ, ಅನೇಕ ಸಲ ಸ್ಪ್ಯಾಮ್‌ಗೆ. ಸಂಸ್ಥೆಯ ಇಮೇಲ್ ಇದ್ದರೆ ಅದನ್ನೇ ಕೊಡಿ. ಜಿಮೇಲ್ ಮಾತ್ರ ಇದ್ದರೆ ಪತ್ರ ಲೆಟರ್‌ಹೆಡ್ಡಿನಲ್ಲಿರಲಿ. ಕೊನೆಯ ದಿನಕ್ಕೆ ಹತ್ತು ದಿನ ಮೊದಲೇ ಅವರ ಎದುರಿಗೆ ಕೂತು ಕಳಿಸಿದ್ದಾರೆಯೇ ನೋಡಿಕೊಳ್ಳಿ. ದೀಪಾವಳಿ ರಜೆ ಸರಿಯಾಗಿ ಈ ನಡುವೆಯೇ ಬೀಳುತ್ತದೆ.

ಉದ್ದೇಶ ಪತ್ರ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) "ಚಿಕ್ಕಂದಿನಿಂದಲೂ ಮನುಷ್ಯನ ಮನಸ್ಸಿನ ಬಗ್ಗೆ ಕುತೂಹಲ" ಎಂದು ಶುರುವಾಗಬಾರದು. ನಿಮ್ಮ ಸಂಶೋಧನಾ ಪ್ರಶ್ನೆಯಿಂದ ಶುರುಮಾಡಿ. ಮನೆಯ ದುಃಖ, ಸ್ವಂತ ಮಾನಸಿಕ ಕಾಯಿಲೆಯ ಕಥೆ, ವಿಶೇಷವಾಗಿ ಕ್ಲಿನಿಕಲ್ ಅರ್ಜಿಯಲ್ಲಿ, ಬೇಡ. ಅದರಿಂದ ಅರ್ಜಿಗೆ ಹಾನಿಯೇ ಹೆಚ್ಚು.

ಕಾಗದಪತ್ರ: ಹೆಸರಿನ ಗೋಜಲು

ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ನಮ್ಮ ಮೂರು ಜಿಲ್ಲೆಯವರಿಗೆ ಇದರಷ್ಟು ಕಾಡುವುದು ಮತ್ತೊಂದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪದವಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ನಡುವೆ. ಬಸವರಾಜ ಎಂಬುದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಸ್ಪೆಲ್ಲಿಂಗ್. ಊರ ಹೆಸರುಗಳು 2014ರ ನವೆಂಬರ್ 1ರಂದು ಬದಲಾದದ್ದರಿಂದ ಹಳೆಯ ಪತ್ರಗಳಲ್ಲಿ ಬೆಲ್ಗಾಮ್, ಬಿಜಾಪುರ್, ಹೊಸದರಲ್ಲಿ ಬೆಳಗಾವಿ, ವಿಜಯಪುರ. ಊರ ಹೆಸರಿಗೆ ಯಾರೂ ತಕರಾರು ಮಾಡುವುದಿಲ್ಲ, ನಿಮ್ಮ ಹೆಸರಿಗೆ ಮಾಡುತ್ತಾರೆ. ಅರ್ಜಿ, ಟೋಫೆಲ್ (ಇಂಗ್ಲಿಷ್ ಪರೀಕ್ಷೆ), ಐ-20 (ವೀಸಾಗಾಗಿ ವಿಶ್ವವಿದ್ಯಾಲಯ ಕೊಡುವ ಪತ್ರ), ವೀಸಾ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಬೇಕು. ಹಾಗಾಗಿ ಪಾಸ್‌ಪೋರ್ಟನ್ನು ಮೊದಲು ಮಾಡಿಸಿ, ಎಸ್ಸೆಸ್ಸೆಲ್ಸಿಯ ಸ್ಪೆಲ್ಲಿಂಗ್‌ಗೆ ಸರಿಯಾಗಿ. ಅಡ್ಡಹೆಸರಿನ ಕಾಲಮ್ ಖಾಲಿ ಬಿಡಬೇಡಿ. ಬಿಟ್ಟರೆ ಅಮೆರಿಕದ ದಾಖಲೆಗಳಲ್ಲಿ ನಿಮ್ಮ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು, ಅಂದರೆ ಹೆಸರು ಗೊತ್ತಿಲ್ಲ ಎಂದು, ಅಚ್ಚಾಗುತ್ತದೆ. ಅಲ್ಲಿ ಬ್ಯಾಂಕ್ ಖಾತೆಯಿಂದ ಡ್ರೈವಿಂಗ್ ಲೈಸೆನ್ಸ್‌ವರೆಗೂ ಅದೇ ಬೆನ್ನು ಹತ್ತುತ್ತದೆ.

ಟ್ರಾನ್ಸ್‌ಕ್ರಿಪ್ಟನ್ನು ಅಂಕಪಟ್ಟಿ ಎಂದುಕೊಳ್ಳಬೇಡಿ. ಎಲ್ಲ ಸೆಮಿಸ್ಟರಿನ ಅಂಕ ಒಟ್ಟಿಗೆ ಇರುವ, ಮೌಲ್ಯಮಾಪನ ಕುಲಸಚಿವರ ಕಚೇರಿ ಮುದ್ರೆ ಹಾಕಿ ಕೊಡುವ ಪ್ರತಿ ಅದು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದವರಾದರೆ ಬೆಳಗಾವಿಯ ಕಚೇರಿಗೆ, ಕರ್ನಾಟಕ ವಿಶ್ವವಿದ್ಯಾಲಯದವರಾದರೆ ಧಾರವಾಡಕ್ಕೆ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದವರು ವಿಜಯಪುರದ ತೊರವಿಗೆ. ಎರಡು ತಿಂಗಳು ಮೊದಲೇ ಅರ್ಜಿ ಹಾಕಿ, ಮುಚ್ಚಿದ ಲಕೋಟೆಯ ಪ್ರತಿ ನಾಲ್ಕೈದು ಹೆಚ್ಚಿಗೆ ತೆಗೆದುಕೊಳ್ಳಿ. ಶೇಕಡಾವಾರನ್ನು ಅಮೆರಿಕದ 4ರ ಮಾಪಕಕ್ಕೆ (ಜಿಪಿಎ) ನೀವೇ ಇಳಿಸಬೇಡಿ. ಇದ್ದಂತೆಯೇ ಬರೆಯಿರಿ. ನಮ್ಮಲ್ಲಿ 60 ಅಂದರೆ ಪ್ರಥಮ ದರ್ಜೆ, ಅವರಲ್ಲಿ 60 ಅಂದರೆ ನಪಾಸಿನ ಅಂಚು. ವಿಶ್ವವಿದ್ಯಾಲಯದ ದರ್ಜೆ ವಿವರ ಜೊತೆಗಿದ್ದರೆ ಈ ಗೊಂದಲ ಇರುವುದಿಲ್ಲ.

ಪರೀಕ್ಷೆಯ ಮಾತು ಸಣ್ಣದು. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯನ್ನು ಅನೇಕ ವಿಭಾಗಗಳು ಕೈಬಿಟ್ಟಿವೆ, ಪ್ರತಿ ವಿಭಾಗದ ಪುಟ ನೋಡಿ ನಿರ್ಧರಿಸಿ. ಇಂಗ್ಲಿಷ್ ಪರೀಕ್ಷೆ ಹೆಚ್ಚಿನ ಕಡೆ ಬೇಕು, ಮನೆಯಿಂದ ಬರೆಯುವ ಬದಲು ಕೇಂದ್ರಕ್ಕೆ ಹೋಗಿ. ನಡುವೆ ಕರೆಂಟ್ ಹೋದರೆ ಪರೀಕ್ಷೆಯೂ ಹೋಯಿತು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವರು ವಾರಕ್ಕೆ ನಾಲ್ಕು ಸಂಶೋಧನಾ ಪ್ರಬಂಧ ಓದುವ ಅಭ್ಯಾಸ ಮಾಡಿಕೊಳ್ಳಿ, ವಿಧಾನದ ಭಾಗವನ್ನು ಮೊದಲು ಓದಿ. ಅಲ್ಲಿನ ಇಂಗ್ಲಿಷ್ ಸರಳ, ಪದಗಳು ಮರುಕಳಿಸುತ್ತವೆ. ಅರ್ಜಿ ಫೀ ಒಂದಕ್ಕೆ ಸುಮಾರು 60ರಿಂದ 90 ಡಾಲರ್. ಆರರಿಂದ ಎಂಟು ಕಡೆ ಸಾಕು. ಫೀ ಮಾಫಿ ಕೇಳುವುದರಲ್ಲಿ ನಾಚಿಕೆ ಬೇಡ.

ಸೀಟು ಸಿಕ್ಕ ಮೇಲೆ

ಸಂದರ್ಶನ ಜನವರಿ, ಫೆಬ್ರುವರಿಯಲ್ಲಿ, ನಮ್ಮ ರಾತ್ರಿ ಹೊತ್ತು. "ನಿಮ್ಮ ಊಹೆ ಸುಳ್ಳಾದರೆ ಮುಂದೇನು ಮಾಡುತ್ತೀರಿ?" ಎಂಬ ಪ್ರಶ್ನೆ ಖಂಡಿತ ಎಂದುಕೊಂಡು ತಯಾರಾಗಿ. ಸೀಟು ಕೊಟ್ಟರೆ ಹಣದ ಪತ್ರದಲ್ಲಿ ಮೂರು ವಿಷಯ ನೋಡಿ: ಎಷ್ಟು ವರ್ಷ ಖಾತ್ರಿ, ಒಂಬತ್ತು ತಿಂಗಳ ಸ್ಟೈಪೆಂಡೋ ಹನ್ನೆರಡರದೋ, ಆರೋಗ್ಯ ವಿಮೆ ಅವರದೋ ನಿಮ್ಮದೋ. ಉತ್ತರ ಕೊಡಲು ಸಾಮಾನ್ಯವಾಗಿ ಏಪ್ರಿಲ್ 15ರವರೆಗೆ ಸಮಯ ಇರುತ್ತದೆ, ಅದಕ್ಕೂ ಮುಂಚೆ ಒತ್ತಾಯಿಸಿದರೆ ಆ ದಿನಾಂಕವನ್ನು ಸೌಜನ್ಯದಿಂದ ನೆನಪಿಸಿ.

ಆಮೇಲೆ ಐ-20 ಬರುತ್ತದೆ. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆ) ಶುಲ್ಕ 350 ಡಾಲರ್, ವೀಸಾ ಅರ್ಜಿ 185 ಡಾಲರ್, ಎರಡರ ರಸೀದಿಯೂ ಕೈಯಲ್ಲಿರಲಿ. ವೀಸಾ ಸಂದರ್ಶನ ಎರಡು ಮೂರು ನಿಮಿಷದ್ದು. ಏನು ಓದುತ್ತೀರಿ, ಹಣ ಎಲ್ಲಿಂದ, ಮುಗಿಸಿ ಏನು ಮಾಡುತ್ತೀರಿ, ಇಷ್ಟಕ್ಕೆ ಒಂದೊಂದು ವಾಕ್ಯದ ಉತ್ತರ ಸಾಕು. ಐ-20ಯಲ್ಲಿ ನಿಮ್ಮ ಕೋರ್ಸಿನ ಸಂಕೇತಸಂಖ್ಯೆ ನೋಡಿಕೊಳ್ಳಿ. 42.27ರಿಂದ ಶುರುವಾಗುವ ಸಂಶೋಧನಾ ಸೈಕಾಲಜಿ ಸ್ಟೆಮ್ (ವಿಜ್ಞಾನ-ತಂತ್ರಜ್ಞಾನ ಕೋರ್ಸುಗಳ) ಪಟ್ಟಿಯಲ್ಲಿದೆ, ಓದಿನ ನಂತರ 12 ತಿಂಗಳ ಕೆಲಸದ ಅನುಮತಿಗೆ ಇನ್ನೂ 24 ತಿಂಗಳು ಸೇರಿಸಬಹುದು. ಕ್ಲಿನಿಕಲ್‌ನ 42.2801ಕ್ಕೆ ಆ ಸೌಲಭ್ಯ ಇಲ್ಲ.

ಸ್ಟೈಪೆಂಡ್ ಮೊದಲ ಸಲ ಕೈಗೆ ಬರುವುದು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಮನೆಯ ಡಿಪಾಸಿಟ್, ಎರಡು ತಿಂಗಳ ಖರ್ಚು, ಹಾಸಿಗೆ ಪಾತ್ರೆ ಸೇರಿ 3,000ದಿಂದ 4,000 ಡಾಲರ್ ಕೈಯಲ್ಲಿರಬೇಕು. ವಿಮಾನದ ಟಿಕೆಟ್ ಬೇರೆ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆ ಎರಡು ಡೋಸ್ ಹಾಕಿಸಿ ದಿನಾಂಕ ಬರೆಸಿಕೊಳ್ಳಿ, ಇಲ್ಲದಿದ್ದರೆ ನೋಂದಣಿ ತಡೆಹಿಡಿಯುತ್ತಾರೆ. ದಪ್ಪ ಜಾಕೆಟ್ ಇಲ್ಲಿ ಕೊಳ್ಳಬೇಡಿ. ಶಿಕಾಗೊ ಕಡೆಯ ಮಿಶಿಗನ್ ಸರೋವರದ ಹಿಮಕ್ಕೆ ಇಲ್ಲಿನ ಜಾಕೆಟ್ ಸಾಲದು.

ಸಸ್ಯಾಹಾರಿಗಳಿಗೆ ಒಂದು ಸೂಕ್ಷ್ಮ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಂದು ಕ್ಯಾಥೊಲಿಕರು ಮಾಂಸ ತಿನ್ನುವುದಿಲ್ಲ, ಅಂದು ಊಟದ ಹಾಲಿನಲ್ಲಿ "ಮಾಂಸವಿಲ್ಲ" ಎಂಬ ಬೋರ್ಡ್ ನೋಡಿ ಖುಷಿಪಡಬೇಡಿ. ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಕೇಳಿಯೇ ತಟ್ಟೆಗೆ ಹಾಕಿಸಿಕೊಳ್ಳಿ. ಜೋಳದ ಹಿಟ್ಟಿಗೆ ಭಾರತೀಯ ಅಂಗಡಿಗಳಿರುವ ಶಿಕಾಗೊದ ಡೆವನ್ ಅವೆನ್ಯೂ ಇದೆ. ಮಾರ್ಕೆಟ್ ಇರುವ ಮಿಲ್ವಾಕಿ, ನೋಟರ್ ಡೇಮ್ ಪಕ್ಕದ ಸೌತ್ ಬೆಂಡ್ ಎರಡರಿಂದಲೂ ಶಿಕಾಗೊಕ್ಕೆ ರೈಲಿದೆ.

ಪಿಎಚ್‌ಡಿ ಐದಾರು ವರ್ಷದ್ದು. ಮೊದಲ ವರ್ಷ ಅಂಕಿಶಾಸ್ತ್ರದ ಎರಡು ಸೆಮಿಸ್ಟರ್ ಬೆವರಿಳಿಸುತ್ತವೆ, ಮುಲ್ಲರ್-ಲೈಯರ್ ಹಾಳೆಯ ಮೇಲೆ ಕೂತ ರಾತ್ರಿಗಳು ಆಗ ಉಪಯೋಗಕ್ಕೆ ಬರುತ್ತವೆ. ಕ್ಯಾಂಪಸ್ ಕೆಲಸ ಓದಿನ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರಕೂಡದು. ಮೀರಿದರೆ ವೀಸಾಗೆ ಕುತ್ತು. ಕ್ಲಿನಿಕಲ್‌ನವರಿಗೆ ಕೊನೆಗೆ ಒಂದು ವರ್ಷದ ಇಂಟರ್ನ್‌ಶಿಪ್ ಬೇರೆ.

ಊರಿಗೆ ಮರಳಿ ಬೆಳಗಾವಿಯಲ್ಲೋ ವಿಜಯಪುರದಲ್ಲೋ ಕ್ಲಿನಿಕ್ ತೆರೆಯುವ ಮನಸ್ಸಿದ್ದರೆ ಹೊರಡುವ ಮೊದಲೇ ಒಂದು ವಿಷಯ ತಿಳಿದಿರಿ. ಅಮೆರಿಕದ ಕ್ಲಿನಿಕಲ್ ಪಿಎಚ್‌ಡಿ ಇದ್ದ ಮಾತ್ರಕ್ಕೆ ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕುವಂತಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಡಿ ನೋಂದಣಿ ಬೇಕು, ಇಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಪದವಿಯ ಸಮಾನತೆ ಸಾಬೀತು ಮಾಡಲು ಪರಿಷತ್ತಿನವರು ಕೇಳುವುದು ವಿವರ: ಯಾವ ಕೋರ್ಸಿನಲ್ಲಿ ಏನು ಪಾಠ, ಯಾರ ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆ ರೋಗಿಗಳನ್ನು ನೋಡಿದಿರಿ. ಮೊದಲ ಸೆಮಿಸ್ಟರಿನಿಂದಲೇ ಪ್ರತಿ ಕೋರ್ಸಿನ ಸಿಲಬಸ್ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಗಂಟೆಗಳ ಲೆಕ್ಕಕ್ಕೆ ವಾರಕ್ಕೊಮ್ಮೆ ಮೇಲ್ವಿಚಾರಕರ ಸಹಿ ಹಾಕಿಸಿ. ಆರು ವರ್ಷದ ನಂತರ ಕೇಳಿದರೆ ಆ ಮೇಲ್ವಿಚಾರಕರು ಬೇರೆ ಊರಿಗೆ ಹೋಗಿರುತ್ತಾರೆ.